ಲೈಡನ್ನಿನ ಶೈತ್ಯಸಾಧಕ

ಇಸ್ತ್ರಿಪೆಟ್ಟಿಗೆಯು ಕಾಯುವುದಕ್ಕೂ ವಿದ್ಯುತ್ ಒಲೆಯ ಸುರುಳಿ ಕೆಂಪೇರುವುದಕ್ಕೂ ಕಾರಣ ಒಂದೇ. ಲೋಹದ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ಆ ಲೋಹವೇ ಅಷ್ಟಿಷ್ಟು ತಡೆಯೊಡ್ಡುತ್ತದೆ. ಆ ತಡೆಯಲ್ಲಿ ವ್ಯಯವಾದ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ಈ ತಡೆಗೆ ವಿದ್ಯುತ್ ರೋಧವೆಂದು ಹೆಸರು. ಬೆಳ್ಳಿ, ತಾಮ್ರಗಳಂಥ ಉತ್ತಮ ವಾಹಕಗಳಲ್ಲಿಯೂ ರೋಧವು ಅಲ್ಪವಾಗಿರುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹೀಗಿರುವಾಗ, ರೋಧವು ಲವಲೇಶವೂ ಉಳಿಯದಂತೆ ಅಳಿದುಹೋಗುವ ಒಂದು ಸ್ಥಿತಿ ಕೆಲವು ಲೋಹಗಳಿಗೆ ಉಂಟೆಂಬುದನ್ನು 1911ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ಹಾಲೆಂಡ್ ದೇಶದ ಭೌತವಿಜ್ಞಾನಿ ಹೇಕೆ ಕಾಮರ್ಲಿಂಗ್ ಓನ್ನೆಸ್. ಆ ಸ್ಥಿತಿಗೆ ಅತಿವಾಹಕತೆಯೆಂದು ಹೆಸರಾಯಿತು. ಕಡುಶೈತ್ಯದಲ್ಲಿ ವಸ್ತುಗಳ ಗುಣವೇನೆಂಬುದನ್ನು ಅರಿಯಲು ಜೀವಮಾನವನ್ನೇ ಮುಡಿಪಿಟ್ಟ ಅವರು, ಬಾಳಿನ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯ ಬಾಗಿಲನ್ನೂ ತೆರೆದುಹೋದರು. ಅತಿವಾಹಕವಾದ ಲೋಹವನ್ನು ಅದುಮಿದರೆ ಏನಾಗುತ್ತದೆ ಎಂಬುದೇ ಆ ಪ್ರಶ್ನೆ.

ಓನ್ನೆಸ್ ಹುಟ್ಟಿದ್ದು 1853ರ ಸೆಪ್ಟೆಂಬರ್ 21ರಂದು, ಹಾಲೆಂಡಿನ ಉತ್ತರ ಭಾಗದಲ್ಲಿರುವ ಗ್ರೋನಿಂಗನ್ ನಗರದಲ್ಲಿ. ತಂದೆಗೆ ಊರ ಬಳಿಯಲ್ಲಿ ಇಟ್ಟಿಗೆ, ಹೆಂಚುಗಳ ಕಾರ್ಖಾನೆಯಿತ್ತು. ಮನೆಯಲ್ಲಿ ಶಿಸ್ತು ಬಿಗಿಯಾಗಿತ್ತು, ಕಲೆಗೂ ಆದರವಿತ್ತು. ತಮ್ಮನಾದ ಮೆನ್ಸೋ ಮುಂದೆ ಹೆಸರಾಂತ ಚಿತ್ರಕಾರನಾದನು. 1870ರಲ್ಲಿ ಹೇಕೆ ಊರಿನ ವಿಶ್ವವಿದ್ಯಾನಿಲಯವನ್ನು ಸೇರಿ, ಮರುವರ್ಷವೇ ಜರ್ಮನಿಯ ಹೈಡೆಲ್‌ಬರ್ಗಿಗೆ ತೆರಳಿದರು. ಅಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಇಬ್ಬರು ಮಹಾವಿಜ್ಞಾನಿಗಳ ಬಳಿ ಕಲಿಯುವ ಭಾಗ್ಯ ಅವರಿಗೆ ದೊರೆಯಿತು. ಸ್ವದೇಶಕ್ಕೆ ಮರಳಿದ ಮೇಲೆ, ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತದೆಂಬುದಕ್ಕೆ ಲೋಲಕದ ಮೂಲಕ ಹೊಸ ಪ್ರಮಾಣಗಳನ್ನು ಒದಗಿಸುವ ಪ್ರಬಂಧವನ್ನು ಬರೆದು 1879ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅವರ ದೇಹಪ್ರಕೃತಿ ಮಾತ್ರ ಎಳೆವಯಸ್ಸಿನಿಂದಲೂ ಸೂಕ್ಷ್ಮವಾಗಿತ್ತು. ಅನಾರೋಗ್ಯವು ಬಾಳಿನುದ್ದಕ್ಕೂ ಅವರನ್ನು ಕಾಡಿತು.

ಆ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ವಾನ್ ಡರ್ ವಾಲ್ಸ್ ಎಂಬ ವಿದ್ವಾಂಸರೊಡನೆ ಬೆಳೆದ ಸ್ನೇಹ ಓನ್ನೆಸ್‌ರ ದಾರಿಯನ್ನು ನಿಶ್ಚಯಿಸಿತು. ಅನಿಲದ ಅಣುಗಳಿಗೆ ತಮ್ಮದೇ ಆದ ಗಾತ್ರವಿದೆಯೆಂದೂ ಅವು ಒಂದನ್ನೊಂದು ಸೆಳೆಯುತ್ತವೆಂದೂ ವಾನ್ ಡರ್ ವಾಲ್ಸ್ ಗಣಿತದ ಮೂಲಕ ಪ್ರತಿಪಾದಿಸಿದ್ದರು. ಈ ಸಿದ್ಧಾಂತ ನಿಜವೋ ಅಲ್ಲವೋ ತಿಳಿಯಬೇಕಾದರೆ, ಅನಿಲಗಳನ್ನು ಹೆಚ್ಚಿನ ಒತ್ತಡದಲ್ಲಿ ಅದುಮಿ, ಅತ್ಯಂತ ತಣ್ಣಗಾಗಿಸಿ, ಅವುಗಳ ನಡವಳಿಕೆಯನ್ನು ಅಳೆದು ನೋಡಬೇಕಾಗಿತ್ತು. ಒತ್ತಡ ಮತ್ತು ಶೈತ್ಯ, ಇವೆರಡೂ ಹೀಗೆ ಓನ್ನೆಸ್‌ರ ಕೆಲಸದಲ್ಲಿ ಮೊದಲಿನಿಂದಲೇ ಜೊತೆಗೂಡಿದವು. 1882ರಲ್ಲಿ, 29ನೆಯ ವಯಸ್ಸಿನಲ್ಲಿ, ಅವರು ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಅಳತೆಯ ಮೂಲಕವೇ ಅರಿವು ದೊರೆಯಬೇಕೆಂಬುದು ಅವರು ಅಧಿಕಾರ ಸ್ವೀಕರಿಸಿದ ದಿನವೇ ಸಾರಿದ ಧ್ಯೇಯ. ಪ್ರತಿಯೊಂದು ಪ್ರಯೋಗಶಾಲೆಯ ಬಾಗಿಲಿನ ಮೇಲೂ ಅದನ್ನು ಬರೆಸಬೇಕೆಂಬುದು ಅವರ ಆಸೆಯಾಗಿತ್ತು.

ಅಂದಿನ ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಬ್ಬಿಬ್ಬರು ಸಹಾಯಕರೊಡನೆ ಚಿಕ್ಕ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದರು. ಓನ್ನೆಸ್‌ರ ರೀತಿ ಬೇರೆ. ಕಡುಶೈತ್ಯವನ್ನು ಸಾಧಿಸುವುದು ಒಬ್ಬನ ಕೈಯಿಂದಾಗುವ ಕೆಲಸವಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೆ ದೊಡ್ಡ ಪಂಪುಗಳು ಬೇಕು. ಅನಿಲ ಸೋರದ ಕೊಳವೆಗಳು ಬೇಕು. ನಿರ್ವಾತವನ್ನು ತಡೆದುಕೊಳ್ಳುವ ತೆಳುವಾದ ಗಾಜಿನ ಪಾತ್ರೆಗಳು ಬೇಕು. ಇವೆಲ್ಲವನ್ನೂ ತಮ್ಮ ಕೈಯಾರೆ ಮಾಡಬಲ್ಲ ಕುಶಲಕರ್ಮಿಗಳು ಬೇಕು. ಆದುದರಿಂದ ಅವರು ಪ್ರಯೋಗಶಾಲೆಯನ್ನು ಒಂದು ಕಾರ್ಖಾನೆಯಂತೆಯೇ ಕಟ್ಟಿದರು. 1901ರಲ್ಲಿ ಉಪಕರಣ ತಯಾರಿಕೆಯನ್ನೂ ಗಾಜು ಊದುವ ಕೆಲಸವನ್ನೂ ಕಲಿಸುವ ಶಾಲೆಗೆ ವ್ಯವಸ್ಥೆ ಮಾಡಿದರು. ನೀಲಿ ಅಂಗಿ ತೊಟ್ಟು ಕೆಲಸ ಕಲಿಯುತ್ತಿದ್ದ ಅಲ್ಲಿನ ಹುಡುಗರನ್ನು ಊರಿನವರು ನೀಲಿ ಹುಡುಗರೆಂದೇ ಗುರುತಿಸುತ್ತಿದ್ದರು. ಯಂತ್ರಕುಶಲಿ ಗೆರಿಟ್ ಫ್ಲಿಮ್ ಮತ್ತು ಗಾಜಿನ ಕೆಲಸದ ಆಸ್ಕರ್ ಕೆಸೆಲ್‌ರಿಂಗ್ ಇವರಿಬ್ಬರ ಕೈಚಳಕವಿಲ್ಲದಿದ್ದರೆ ಲೈಡನ್ನಿನ ಕೀರ್ತಿ ಇಷ್ಟು ಎತ್ತರಕ್ಕೆ ಏರುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆದರೆ ಕೆಲಸ ಸುಗಮವಾಗಿ ಸಾಗಲಿಲ್ಲ. ಲೈಡನ್ ಊರಿಗೆ ಒಂದು ಹಳೆಯ ನೋವಿತ್ತು. 1807ರಲ್ಲಿ ಊರ ನಡುವಣ ಕಾಲುವೆಯಲ್ಲಿ ನಿಂತಿದ್ದ ಮದ್ದಿನ ಹಡಗೊಂದು ಸಿಡಿದು, ಸುಮಾರು 150 ಮಂದಿ ಸತ್ತು, ಮನೆಗಳ ಸಾಲುಸಾಲೇ ನೆಲಸಮವಾಗಿದ್ದವು. ಓನ್ನೆಸ್‌ರ ಪ್ರಯೋಗಶಾಲೆ ನಿಂತಿದ್ದುದು ಅದೇ ಹಾಳುಬಿದ್ದ ನೆಲದ ಮೇಲೆ. ಅಲ್ಲಿ ಅತಿ ಒತ್ತಡದ ಅನಿಲಗಳನ್ನು ಉಕ್ಕಿನ ಪಾತ್ರೆಗಳಲ್ಲಿ ತುಂಬಿಡಲಾಗುತ್ತಿದೆಯೆಂಬ ಸುದ್ದಿ ಹರಡಿದಾಗ ಜನ ಭಯಗೊಂಡರು. ಪೌರಸಭೆಯವರು ಆಕ್ಷೇಪವೆತ್ತಿದರು. ವಿಚಾರಣೆಗಾಗಿ ಸಮಿತಿ ನೇಮಕವಾಯಿತು. 1895ರಿಂದ 1898ರವರೆಗೆ ಶೈತ್ಯದ ಪ್ರಯೋಗಗಳು ನಿಂತೇಹೋದವು. ಜನರ ಅಂಜಿಕೆ ಅಕಾರಣವಾದುದೆಂದು ಹೇಳುವಂತಿಲ್ಲ. ಅಜ್ಜಂದಿರ ಕಾಲದ ದುರಂತವನ್ನು ಯಾರು ಮರೆತಾರು? ಓನ್ನೆಸ್ ಜನರೊಡನೆ ಜಗಳಕ್ಕಿಳಿಯದೆ, ತಮ್ಮ ಏರ್ಪಾಡುಗಳ ಸುರಕ್ಷತೆಯನ್ನು ಒಂದೊಂದಾಗಿ ವಿವರಿಸುತ್ತ ಕಾದರು. ಲಂಡನ್ನಿನ ಜೇಮ್ಸ್ ಡ್ಯೂಆರ್ ಅವರ ಪರವಾಗಿ ಪತ್ರ ಬರೆದರು. ಈ ಡ್ಯೂಆರ್ ಅವರೇ ಓನ್ನೆಸ್‌ರ ಪ್ರಬಲ ಪ್ರತಿಸ್ಪರ್ಧಿಯಾಗಿದ್ದರೆಂಬುದು ಇಲ್ಲಿ ನೆನೆಯತಕ್ಕ ವಿಷಯ.

ಅನುಮತಿ ದೊರೆಯುವ ವೇಳೆಗೆ ಬೆಲೆಯುಳ್ಳ ಮೂರು ವರ್ಷಗಳು ಕಳೆದಿದ್ದವು. 1898ರಲ್ಲಿ ಡ್ಯೂಆರ್ ಜಲಜನಕವನ್ನು ದ್ರವವಾಗಿಸಿದರು. ಇನ್ನು ಉಳಿದುದು ಹೀಲಿಯಂ ಒಂದೇ. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಸುಳಿವು ತೋರಿ, 1895ರಲ್ಲಿ ಭೂಮಿಯ ಮೇಲೂ ದೊರೆತಿದ್ದ ಈ ಹಗುರವಾದ ಅನಿಲ ಯಾವ ಶೈತ್ಯಕ್ಕೂ ಮಣಿಯದೆ ಉಳಿದಿತ್ತು. ಓನ್ನೆಸ್ ಆತುರಪಡಲಿಲ್ಲ. ಲೈಡನ್ನಿನಲ್ಲಿ ದ್ರವ ಜಲಜನಕ ಸಿದ್ಧವಾದುದು 1906ರಲ್ಲಿ, ಡ್ಯೂಆರ್ ಸಾಧಿಸಿದ ಎಂಟು ವರ್ಷಗಳ ಮೇಲೆ. ಆದರೆ ಡ್ಯೂಆರ್ ಅವರ ಯಂತ್ರ ಅಲ್ಪ ಪ್ರಮಾಣವನ್ನು ಕೊಡುತ್ತಿದ್ದರೆ, ಲೈಡನ್ನಿನದು ಲೀಟರುಗಟ್ಟಲೆ ಕೊಡುತ್ತಿತ್ತು. ಹೀಲಿಯಂ ಅನಿಲಕ್ಕಾಗಿ ವಾಣಿಜ್ಯ ಇಲಾಖೆಯಲ್ಲಿದ್ದ ಓನ್ನೆಸ್‌ರ ಸೋದರನು ಅಮೆರಿಕದಿಂದ ಮೊನಜೈಟ್ ಮರಳನ್ನು ತರಿಸಿಕೊಟ್ಟನು. ಆ ಮರಳನ್ನು ಕಾಯಿಸಿ, ಹೊರಟ ಅನಿಲವನ್ನು ಶುದ್ಧಗೊಳಿಸಿ, ಕೆಲವು ನೂರು ಲೀಟರು ಹೀಲಿಯಂ ಕೂಡಿಸುವುದಕ್ಕೇ ದೀರ್ಘಕಾಲ ಹಿಡಿಯಿತು.

1908ರ ಜುಲೈ 10ರಂದು ಬೆಳಗು ಹರಿಯುತ್ತಿದ್ದಂತೆಯೇ ಕೆಲಸ ಮೊದಲಾಯಿತು. ಮಧ್ಯಾಹ್ನದ ವೇಳೆಗೆ 20 ಲೀಟರು ದ್ರವ ಜಲಜನಕ ಸಿದ್ಧವಾಯಿತು. ಅದರಿಂದ ತಣಿಸಿದ ಹೀಲಿಯಮನ್ನು ಒತ್ತಡದಲ್ಲಿ ಅದುಮಿ, ಸಣ್ಣ ದ್ವಾರದ ಮೂಲಕ ಹಿಗ್ಗಗೊಡುತ್ತ, ಮತ್ತೆ ಮತ್ತೆ ಸುತ್ತಿಸಿದರು. ಉಷ್ಣತಾಮಾಪಕ ಇಳಿಯುತ್ತ ಬಂದು, ಸಂಜೆಯ ಹೊತ್ತಿಗೆ ಒಂದೆಡೆ ನಿಂತುಬಿಟ್ಟಿತು. ದ್ರವ ಮಾತ್ರ ಕಾಣಲಿಲ್ಲ. ದ್ರವ ಜಲಜನಕದ ಸಂಗ್ರಹವೂ ಮುಗಿಯುತ್ತ ಬಂದಿತ್ತು. ಕುತೂಹಲದಿಂದ ನೋಡಲು ಬಂದಿದ್ದ ರಸಾಯನವಿಜ್ಞಾನದ ಪ್ರಾಧ್ಯಾಪಕರೊಬ್ಬರು, ಮಾಪಕ ನಿಂತಿರುವ ಬಗೆ ನೋಡಿದರೆ ಅದು ಕುದಿಯುವ ದ್ರವದಲ್ಲಿ ಮುಳುಗಿರುವಂತಿದೆಯೆಂದು ಸೂಚಿಸಿದರು. ಪಾತ್ರೆಗೆ ಕೆಳಗಿನಿಂದ ಬೆಳಕು ಹಿಡಿದಾಗ, ಗಾಜಿನೊಳಗೆ ಅಲಗಿನಂತೆ ಹೊಳೆಯುವ ದ್ರವದ ಮೇಲ್ಮೈ ಕಾಣಿಸಿಕೊಂಡಿತು! ಅದು ಮೊದಲೇ ಅಲ್ಲಿತ್ತು. ನೀರಿಗಿಂತಲೂ ತಿಳಿಯಾದ ಅದನ್ನು ಯಾರೂ ಗುರುತಿಸಿರಲಿಲ್ಲ. ದೊರೆತ ದ್ರವ ಸುಮಾರು 60 ಘನ ಸೆಂಟಿಮೀಟರು, ಒಂದು ಸಣ್ಣ ಬಟ್ಟಲಿನಷ್ಟು. ಅದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ನಾಲ್ಕು ಡಿಗ್ರಿಯಷ್ಟೇ ಮೇಲೆ. ನಿರಪೇಕ್ಷ ಶೂನ್ಯವೆಂದರೆ ಸೆಲ್ಸಿಯಸ್ ಮಾನದಲ್ಲಿ ಸೊನ್ನೆಗಿಂತ 273 ಡಿಗ್ರಿ ಕೆಳಗೆ, ಅದಕ್ಕಿಂತ ತಣ್ಣನೆಯದು ಇರಲಾರದೆಂಬ ಮೇರೆ. ಅಲ್ಲಿಂದ ಎಣಿಸುವ ಡಿಗ್ರಿಗಳನ್ನು ಕೆಲ್ವಿನ್ ಎನ್ನುತ್ತಾರೆ.

ಆ ದ್ರವವನ್ನು ಗಟ್ಟಿಯಾಗಿಸಲು ಓನ್ನೆಸ್ ಅದರ ಮೇಲಣ ಆವಿಯನ್ನು ಪಂಪಿನಿಂದ ಸೆಳೆದು ಇನ್ನಷ್ಟು ತಣಿಸಿ ನೋಡಿದರು. ಹೀಲಿಯಂ ಗಟ್ಟಿಯಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಒಂದು ಕೆಲ್ವಿನ್‌ಗಿಂತ ಕೆಳಕ್ಕೆ ಒಯ್ದಾಗಲೂ ಅದು ದ್ರವವಾಗಿಯೇ ಉಳಿಯಿತು. ಶೈತ್ಯವೊಂದರಿಂದಲೇ ಆಗದ ಕೆಲಸವೂ ಉಂಟೆಂಬ ಸೂಚನೆ ಅದರಲ್ಲಿ ಅಡಗಿತ್ತು.

ಇಷ್ಟು ತಣ್ಣಗಿನ ದ್ರವ ಲೋಕದಲ್ಲಿ ಬೇರೆಲ್ಲಿಯೂ ಇರಲಿಲ್ಲ. ಅದರಲ್ಲಿ ಲೋಹಗಳನ್ನಿಟ್ಟು ಅವುಗಳ ರೋಧವನ್ನು ಅಳೆಯುವುದು ಓನ್ನೆಸ್‌ರ ಮುಂದಿನ ಹೆಜ್ಜೆಯಾಯಿತು. ಲೋಹ ತಣ್ಣಗಾದಂತೆ ರೋಧ ಇಳಿಯುತ್ತದೆಂಬುದು ಎಲ್ಲರಿಗೂ ತಿಳಿದಿತ್ತು. ಕೊನೆಗೆ ಏನಾಗುವುದೆಂಬ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ರೋಧ ಮೆಲ್ಲಮೆಲ್ಲನೆ ಸೊನ್ನೆಗೆ ಇಳಿಯುವುದೆಂದು ಕೆಲವರು ನಂಬಿದ್ದರು. ಎಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ರೋಧವು ಮತ್ತೆ ಏರಿ ಅನಂತವಾಗುವುದೆಂದು ಲಾರ್ಡ್ ಕೆಲ್ವಿನ್ ಊಹಿಸಿದ್ದರು. ಪ್ಲಾಟಿನಂ ಮತ್ತು ಚಿನ್ನಗಳನ್ನು ಪರೀಕ್ಷಿಸಿದಾಗ ರೋಧ ಒಂದು ಹಂತಕ್ಕಿಳಿದು ಅಲ್ಲಿಯೇ ನಿಂತಿತು. ಉಳಿದ ರೋಧ ಲೋಹದಲ್ಲಿ ಬೆರೆತ ಕಲ್ಮಷವನ್ನು ಅನುಸರಿಸುತ್ತಿತ್ತು. ಆದ್ದರಿಂದ ಕಲ್ಮಷವಿಲ್ಲದ ಲೋಹ ಬೇಕಾಯಿತು. ಬಟ್ಟಿಯಿಳಿಸಿ ಮತ್ತೆ ಮತ್ತೆ ಶೋಧಿಸಬಹುದಾದ ಲೋಹ ಪಾದರಸ. ಅದನ್ನೇ ಕೂದಲಿನಷ್ಟು ಸಣ್ಣ ಗಾಜಿನ ನಾಳಗಳಲ್ಲಿ ತುಂಬಿಸಿದರು.

1911ರ ಏಪ್ರಿಲ್ 8ರಂದು ಆ ಅಳತೆ ನಡೆಯಿತು. ಶೈತ್ಯಪಾತ್ರೆಯನ್ನು ನೋಡಿಕೊಂಡವನು ಫ್ಲಿಮ್. ಪಂಪುಗಳ ಅದುರು ತಾಕದಂತೆ ದೂರದ ಕೋಣೆಯಲ್ಲಿ ಕುಳಿತು ರೋಧವನ್ನು ಅಳೆದವನು ಗಿಲ್ಲೆಸ್ ಹೋಲ್ಸ್ಟ್ ಎಂಬ ತರುಣ. ಸುಮಾರು 3 ಕೆಲ್ವಿನ್ ತಲುಪಿದಾಗ ಪಾದರಸದ ರೋಧ ಅಳತೆಗೇ ಸಿಕ್ಕಲಿಲ್ಲ. ಉಪಕರಣ ಕೆಟ್ಟಿರಬಹುದೆಂಬ ಶಂಕೆ ಬರುವುದು ಸಹಜ. ಆದುದರಿಂದ ಮುಂದಿನ ತಿಂಗಳುಗಳಲ್ಲಿ ಉಷ್ಣತೆಯನ್ನು ಹೆಜ್ಜೆಹೆಜ್ಜೆಯಾಗಿ ಏರಿಸಿ ಇಳಿಸಿ ಪರೀಕ್ಷಿಸಿದರು. ರೋಧ ಮೆಲ್ಲನೆ ಇಳಿಯುತ್ತಿರಲಿಲ್ಲ. ಸುಮಾರು 4.2 ಕೆಲ್ವಿನ್ ಬಳಿಯಲ್ಲಿ, ಕಡಿದಾದ ಬಂಡೆಯಿಂದ ಕಲ್ಲು ಉರುಳಿದಂತೆ, ಒಮ್ಮೆಲೇ ಇಲ್ಲವಾಗುತ್ತಿತ್ತು. ಯಾವ ಪಂಡಿತರೂ ಊಹಿಸದ ಫಲವಿದು. ಈ ಶೋಧವನ್ನು ಸಾರಿದ ಲೇಖನಗಳ ಮೇಲೆ ಓನ್ನೆಸ್‌ರ ಹೆಸರೊಂದೇ ಅಚ್ಚಾಯಿತು. ಅಂದಿನ ಪದ್ಧತಿ ಅದೇ ಆಗಿದ್ದರೂ, ಹೋಲ್ಸ್ಟ್‌ನ ಹೆಸರು ಜೊತೆಗಿದ್ದಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು.

ರೋಧ ಅಳಿಯುವ ಆ ಉಷ್ಣತೆಗೆ ಸಂಕ್ರಮಣ ಉಷ್ಣತೆಯೆಂದು ಹೆಸರು. 1912ರ ಕೊನೆಯಲ್ಲಿ ತವರವೂ ಸೀಸವೂ ಅತಿವಾಹಕಗಳೆಂದು ತಿಳಿದುಬಂದಿತು. ತವರದ ಸಂಕ್ರಮಣ ಉಷ್ಣತೆ 3.7 ಕೆಲ್ವಿನ್, ಸೀಸದ್ದು 7.2 ಕೆಲ್ವಿನ್. ಮರುವರ್ಷ, ಕಡುಶೈತ್ಯದಲ್ಲಿ ವಸ್ತುಗಳ ಗುಣಗಳನ್ನು ಶೋಧಿಸಿ ದ್ರವ ಹೀಲಿಯಮನ್ನು ಸಾಧಿಸಿದುದಕ್ಕಾಗಿ ಓನ್ನೆಸ್‌ರಿಗೆ ನೊಬೆಲ್ ಬಹುಮಾನ ಸಂದಿತು. ಅವರಿಗೆ ಆಗ ದೊಡ್ಡದೊಂದು ಕನಸಿತ್ತು. ಅತಿವಾಹಕ ತಂತಿಯ ಸುರುಳಿಯಲ್ಲಿ ಶಾಖ ಹುಟ್ಟುವುದಿಲ್ಲ; ಆದುದರಿಂದ ಅದರಿಂದ ಅದುವರೆಗೆ ಕಾಣದಷ್ಟು ಬಲವಾದ ವಿದ್ಯುತ್ಕಾಂತವನ್ನು ಮಾಡಬಹುದೆಂದು ಅವರು ಎಣಿಸಿದ್ದರು. ಆದರೆ ಕಾಂತಕ್ಷೇತ್ರ ತುಸು ಬಲಗೊಳ್ಳುತ್ತಿದ್ದಂತೆಯೇ ಸೀಸದ ಅತಿವಾಹಕತೆ ಮುರಿದುಬಿತ್ತು. ಕನಸು ಅವರ ಕಾಲದಲ್ಲಿ ಕೈಗೂಡಲಿಲ್ಲ. ಬೇರೆ ಬಗೆಯ ಮಿಶ್ರಲೋಹಗಳು ದೊರೆತ ಮೇಲೆ, 1960ರ ದಶಕದಲ್ಲಿ, ಅದು ನನಸಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ದೇಹದ ಒಳಭಾಗದ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರಗಳಲ್ಲಿರುವುದು ಅಂಥದೇ ಕಾಂತ. 1914ರಲ್ಲಿ ಅವರು ನಡೆಸಿದ ಇನ್ನೊಂದು ಪ್ರಯೋಗ ನೋಡಿದವರನ್ನು ಬೆರಗುಗೊಳಿಸಿತು. ಸೀಸದ ಸುರುಳಿಯೊಂದರಲ್ಲಿ ಪ್ರವಾಹವನ್ನು ಹುಟ್ಟಿಸಿ, ಅದರ ಮೂಲವನ್ನು ತೆಗೆದುಬಿಟ್ಟರೂ, ಬಳಿಯಲ್ಲಿಟ್ಟ ದಿಕ್ಸೂಚಿಯ ಮುಳ್ಳು ಗಂಟೆಗಟ್ಟಲೆ ಕದಲದೆ ನಿಂತಿತು. ಪ್ರವಾಹ ತಾನಾಗಿಯೇ ಸುತ್ತುತ್ತಿತ್ತು.

ಆಗಲೇ ಯೂರೋಪಿನಲ್ಲಿ ಮಹಾಯುದ್ಧ ಸಿಡಿಯಿತು. ಯುದ್ಧದ ಕಾಲದಲ್ಲಿಯೂ ಅನಂತರವೂ ಓನ್ನೆಸ್ ಶತ್ರುದೇಶಗಳ ವಿಜ್ಞಾನಿಗಳ ನಡುವಣ ಮನಸ್ತಾಪವನ್ನು ತಗ್ಗಿಸಲು ಶ್ರಮಿಸಿದರು. ಆಹಾರವಿಲ್ಲದೆ ಬಳಲುತ್ತಿದ್ದ ನಾಡುಗಳ ಮಕ್ಕಳಿಗೆ ನೆರವು ಒದಗಿಸುವ ಕೆಲಸದಲ್ಲಿ ಮುಂದಾದರು. 1923ರಲ್ಲಿ, 70ರ ವಯಸ್ಸಿನಲ್ಲಿ, ಅವರು ಪ್ರಾಧ್ಯಾಪಕ ಪದವಿಯಿಂದ ನಿವೃತ್ತರಾದರು. ಆದರೆ ಪ್ರಯೋಗಶಾಲೆಯ ನಂಟು ಕಡಿಯಲಿಲ್ಲ.

ಒತ್ತಡದ ಪ್ರಶ್ನೆ ಪರೀಕ್ಷೆಗೆ ಬಂದುದು ಈ ಅವಧಿಯಲ್ಲಿ. ಲೋಹವನ್ನು ತಣಿಸಿದಾಗ ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಪರಮಾಣುಗಳ ಅಲುಗಾಟ ಕಡಿಮೆಯಾಗುತ್ತದೆ. ಲೋಹ ಕುಗ್ಗಿ ಪರಮಾಣುಗಳು ಒಂದಕ್ಕೊಂದು ತುಸು ಹತ್ತಿರವಾಗುತ್ತವೆ. ಅತಿವಾಹಕತೆಗೆ ಹತ್ತಿರವಾಗುವಿಕೆಯೂ ಸಹಾಯಕವೇ? ಹಾಗಿದ್ದರೆ ಲೋಹವನ್ನು ಹೊರಗಿನಿಂದ ಅದುಮಿದಾಗ ಅದು ಇನ್ನೂ ಹೆಚ್ಚಿನ ಉಷ್ಣತೆಯಲ್ಲಿಯೇ ಅತಿವಾಹಕವಾಗಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪರ್ಸಿ ಬ್ರಿಜ್‌ಮನ್ ಎಂಬ ವಿಜ್ಞಾನಿ ಆ ವೇಳೆಗಾಗಲೇ ಲೋಹಗಳನ್ನು 12,000 ವಾಯುಮಂಡಲಗಳಷ್ಟು ಒತ್ತಡಕ್ಕೊಳಪಡಿಸಿ ಅವುಗಳ ರೋಧವನ್ನು ಅಳೆದಿದ್ದರು. ಒಂದು ವಾಯುಮಂಡಲವೆಂದರೆ ಸಮುದ್ರಮಟ್ಟದಲ್ಲಿ ಗಾಳಿಯು ಹೇರುವ ಒತ್ತಡ, ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು. ಆದರೆ ಬ್ರಿಜ್‌ಮನ್ ಅವರ ಅಳತೆಗಳೆಲ್ಲ ಅತಿವಾಹಕತೆ ತಲೆದೋರುವ ಶೈತ್ಯದಿಂದ ಬಹುದೂರದವು. ಅಂಥ ಶೈತ್ಯದಲ್ಲಿ ಎಣ್ಣೆಯೂ ಕಲ್ಲಾಗುತ್ತದೆ. ಒತ್ತಡವನ್ನು ಲೋಹದ ಎಲ್ಲ ಪಕ್ಕಗಳಿಗೂ ಸಮನಾಗಿ ಮುಟ್ಟಿಸುವುದೇ ಕಷ್ಟ.

ಸೀಜೋ ಎಂಬ ತರುಣ ವಿಜ್ಞಾನಿಯೂ ಓನ್ನೆಸ್‌ರೂ ಕೂಡಿ ತವರ ಮತ್ತು ಇಂಡಿಯಂ ಲೋಹಗಳನ್ನು ಸುಮಾರು 300 ವಾಯುಮಂಡಲಗಳವರೆಗಿನ ಒತ್ತಡದಲ್ಲಿ ಪರೀಕ್ಷಿಸಿ 1925ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅತಿವಾಹಕ ಲೋಹಗಳ ಮೇಲೆ ಒತ್ತಡದ ಪರಿಣಾಮವನ್ನು ಅಳೆದ ಮೊದಲನೆಯ ಪ್ರಯೋಗವಿದು. ಒತ್ತಡ ಹೇರಿದಾಗ ಸಂಕ್ರಮಣ ಉಷ್ಣತೆ ಏರಲಿಲ್ಲ, ಇಳಿಯಿತು. ತಂತಿಯನ್ನು ಎಳೆದು ಹಿಗ್ಗಿಸಿದಾಗ ಪರಿಣಾಮ ಇದಕ್ಕೆ ವಿರುದ್ಧವಾಗಿತ್ತು. ಬದಲಾವಣೆ ಅತ್ಯಲ್ಪ. ಈಗಿನ ಅಳತೆಗಳ ಪ್ರಕಾರ ಅಷ್ಟು ಒತ್ತಡಕ್ಕೆ ತವರದಲ್ಲಿ ಆಗುವ ಇಳಿತ ಒಂದು ಡಿಗ್ರಿಯ ನೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಇಂಥ ಸೂಕ್ಷ್ಮ ಬದಲಾವಣೆಯನ್ನು ಗುರುತಿಸಲು ಸಾಧ್ಯವಾದುದು, 40 ವರ್ಷಗಳ ಕಾಲ ಅಳತೆಯನ್ನೇ ವ್ರತವಾಗಿ ನಡೆಸಿಕೊಂಡು ಬಂದಿದ್ದ ಲೈಡನ್ನಿನಂಥ ಪ್ರಯೋಗಶಾಲೆಯಲ್ಲಿ ಮಾತ್ರ. ಪರಮಾಣುಗಳು ಹತ್ತಿರ ಸೇರಿದಷ್ಟೂ ಅತಿವಾಹಕತೆ ಸುಲಭವೆಂಬ ಊಹೆ ಈ ಎರಡು ಲೋಹಗಳ ಮಟ್ಟಿಗೆ ನಿಲ್ಲಲಿಲ್ಲ.

1926ರ ಫೆಬ್ರವರಿ 21ರಂದು ಓನ್ನೆಸ್ ಲೈಡನ್ನಿನಲ್ಲಿ ತೀರಿಕೊಂಡರು. ನಾಲ್ಕು ತಿಂಗಳ ಮೇಲೆ, ಅದೇ ಪ್ರಯೋಗಶಾಲೆಯಲ್ಲಿ, ಅವರ ಉತ್ತರಾಧಿಕಾರಿಗಳಲ್ಲಿ ಒಬ್ಬರಾದ ಕೇಸೊಮ್ ಹೀಲಿಯಮನ್ನು ಗಟ್ಟಿಯಾಗಿಸಿದರು. ಓನ್ನೆಸ್ ಶೈತ್ಯವೊಂದನ್ನೇ ನೆಚ್ಚಿ ಸೋತಲ್ಲಿ ಕೇಸೊಮ್ ಒತ್ತಡವನ್ನೂ ಜೊತೆಗೂಡಿಸಿದ್ದರು. ಒಂದು ಕೆಲ್ವಿನ್ ಸುತ್ತಿನ ಶೈತ್ಯದಲ್ಲಿ ಹೀಲಿಯಂ ಗಟ್ಟಿಯಾಗಲು ಸುಮಾರು 25 ವಾಯುಮಂಡಲಗಳ ಒತ್ತಡ ಸಾಕು. ಗುರುವಿಗೆ ದಕ್ಕದೆ ಹೋದುದು ಇಷ್ಟು ಸಮೀಪದಲ್ಲಿತ್ತು.

ತವರ ಮತ್ತು ಇಂಡಿಯಂಗಳಲ್ಲಿ ಕಂಡ ಇಳಿತಕ್ಕೆ ಕಾರಣ ತಿಳಿಯಲು ಇನ್ನೂ 30 ವರ್ಷ ಕಾಯಬೇಕಾಯಿತು. 1957ರಲ್ಲಿ ಅಮೆರಿಕದ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಅತಿವಾಹಕತೆಯ ಗುಟ್ಟನ್ನು ಬಿಡಿಸಿದರು. ಲೋಹದಲ್ಲಿ ಧನವಿದ್ಯುದಂಶವುಳ್ಳ ಅಯಾನುಗಳು ಜಾಲಕದಂತೆ ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಸಾಗುವ ಎಲೆಕ್ಟ್ರಾನು ಸುತ್ತಲಿನ ಅಯಾನುಗಳನ್ನು ತನ್ನೆಡೆಗೆ ತುಸು ಸೆಳೆಯುತ್ತದೆ. ಆ ಸೆಳೆತದ ಜಾಡಿಗೆ ಇನ್ನೊಂದು ಎಲೆಕ್ಟ್ರಾನು ಒಲಿದುಬರುತ್ತದೆ. ಹೀಗೆ ಜೋಡಿಯಾದ ಎಲೆಕ್ಟ್ರಾನುಗಳು ತಡೆಯಿಲ್ಲದೆ ಸಾಗುತ್ತವೆ. ಸಡಿಲವಾದ ಹಗ್ಗದ ಮಂಚದ ಮೇಲೆ ಇಬ್ಬರು ಮಲಗಿದರೆ, ಹಗ್ಗ ಜೋತುಬಿದ್ದು, ಇಬ್ಬರೂ ತಾವಾಗಿಯೇ ನಡುವಿಗೆ ಸರಿಯುತ್ತಾರಲ್ಲವೆ? ಹಗ್ಗವನ್ನು ಬಿಗಿದು ಕಟ್ಟಿದರೆ ಹಾಗೆ ಸರಿಯುವುದಿಲ್ಲ. ಲೋಹವನ್ನು ಅದುಮುವುದೆಂದರೆ ಮಂಚದ ಹಗ್ಗವನ್ನು ಬಿಗಿದಂತೆ. ಜಾಲಕ ಬಿರುಸಾಗುತ್ತದೆ, ಅಯಾನುಗಳು ಮಣಿಯುವುದು ಕಡಿಮೆಯಾಗುತ್ತದೆ, ಎಲೆಕ್ಟ್ರಾನುಗಳ ಜೋಡಿ ದುರ್ಬಲವಾಗುತ್ತದೆ. ಆದುದರಿಂದಲೇ ತವರ, ಸೀಸ, ಇಂಡಿಯಂ, ಅಲ್ಯುಮಿನಿಯಂಗಳಂಥ ಸರಳ ಲೋಹಗಳಲ್ಲಿ ಒತ್ತಡ ಏರಿದಂತೆ ಸಂಕ್ರಮಣ ಉಷ್ಣತೆ ಇಳಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ 1.2 ಕೆಲ್ವಿನ್ ಬಳಿ ಅತಿವಾಹಕವಾಗುವ ಅಲ್ಯುಮಿನಿಯಂ, 62,000 ವಾಯುಮಂಡಲಗಳ ಒತ್ತಡದಲ್ಲಿ 0.1 ಕೆಲ್ವಿನ್‌ಗಿಂತಲೂ ಕೆಳಗಿಳಿಯಬೇಕಾಗುವುದೆಂದು 1975ರಲ್ಲಿ ತಿಳಿದುಬಂದಿತು.

ಒತ್ತಡವನ್ನು ಹೆಚ್ಚಿಸುವ ಉಪಾಯಗಳೂ ಈ ನಡುವೆ ಬೆಳೆದಿದ್ದವು. 1940ರ ದಶಕದಲ್ಲಿ ಖಾರ್ಕೋವ್ ನಗರದ ಲಾಜರೆವ್ ಮತ್ತು ಕಾನ್ ಎಂಬ ವಿಜ್ಞಾನಿಗಳು ಹಿಡಿದ ಉಪಾಯ ಬಹು ಸರಳವಾದುದು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಗಟ್ಟಿಯಾದ ಲೋಹದ ಪಾತ್ರೆಯಲ್ಲಿ ನೀರನ್ನೂ ಪರೀಕ್ಷಿಸಬೇಕಾದ ಲೋಹವನ್ನೂ ಇಟ್ಟು, ಬಾಯಿ ಮುಚ್ಚಿ ತಣಿಸಿದರೆ, ಹಿಗ್ಗಲು ಎಡೆಯಿಲ್ಲದ ಮಂಜುಗಡ್ಡೆಯೇ ಸುಮಾರು 1,700 ವಾಯುಮಂಡಲಗಳ ಒತ್ತಡವನ್ನು ಹೇರುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎರಡು ವಜ್ರಗಳ ತುದಿಗಳ ನಡುವೆ ವಸ್ತುವಿನ ಕಣವನ್ನು ಅದುಮುವ ಉಪಕರಣ ಸಿದ್ಧವಾಯಿತು. ಅಂಗೈಯಲ್ಲಿ ಹಿಡಿಯಬಹುದಾದ ಆ ಪುಟ್ಟ ಉಪಕರಣದಿಂದ ಮುಂದೆ ಲಕ್ಷಗಟ್ಟಲೆ ವಾಯುಮಂಡಲಗಳ ಒತ್ತಡ ಸಾಧ್ಯವಾಯಿತು.

ಆಗ ಕಥೆಯ ಇನ್ನೊಂದು ಮುಖ ತೆರೆಯಿತು. ಒತ್ತಡ ಅತಿವಾಹಕತೆಯನ್ನು ಕುಂದಿಸುವುದಷ್ಟೇ ಅಲ್ಲ, ಇಲ್ಲದೆಡೆ ಹುಟ್ಟಿಸಲೂ ಬಲ್ಲುದು. ಚೆಸ್ಟರ್ ಮತ್ತು ಜೋನ್ಸ್ 1953ರಲ್ಲಿ ಲಂಡನ್ನಿನಲ್ಲಿ ಬಿಸ್ಮತ್ ಲೋಹವನ್ನು ಬಲವಾಗಿ ಅದುಮಿದಾಗ ಅದು ಸುಮಾರು 7 ಕೆಲ್ವಿನ್ ಉಷ್ಣತೆಯಲ್ಲಿ ಅತಿವಾಹಕವಾಯಿತು. ಒತ್ತಡವಿಲ್ಲದ ಬಿಸ್ಮತ್ ಅತಿವಾಹಕವೇ ಅಲ್ಲವೆಂದು ಬಹುಕಾಲ ನಂಬಲಾಗಿತ್ತು. ಅದೂ ಅತಿವಾಹಕವಾಗುವುದೆಂದು, ಆದರೆ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಭಾಗದಷ್ಟೇ ಮೇಲೆ ಎಂದು, 2016ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಬಿಸ್ಮತ್ ಇಷ್ಟು ಬದಲಾಗುವುದಕ್ಕೆ ಕಾರಣ, ಒತ್ತಡದಲ್ಲಿ ಅದರ ಪರಮಾಣುಗಳು ಹಳೆಯ ಜೋಡಣೆಯನ್ನು ಬಿಟ್ಟು ಹೊಸ ಜೋಡಣೆಗೆ ಬರುತ್ತವೆ. ಅದೇ ವಸ್ತು ಬೇರೊಂದು ಲೋಹದಂತೆ ವರ್ತಿಸತೊಡಗುತ್ತದೆ. ಕಬ್ಬಿಣದ ವಿಷಯ ಇನ್ನೂ ವಿಚಿತ್ರ. ಅಯಸ್ಕಾಂತಗುಣಕ್ಕೂ ಅತಿವಾಹಕತೆಗೂ ಹಗೆತನ. ಆದರೆ ಒಂದೂವರೆ ಲಕ್ಷ ವಾಯುಮಂಡಲಗಳ ಆಸುಪಾಸಿನಲ್ಲಿ ಕಬ್ಬಿಣವು ತನ್ನ ಅಯಸ್ಕಾಂತಗುಣವನ್ನು ತೊರೆದಿರುತ್ತದೆ. ಆ ಸ್ಥಿತಿಯಲ್ಲಿ ಸುಮಾರು 2 ಕೆಲ್ವಿನ್‌ವರೆಗೆ ತಣಿಸಿದಾಗ ಅದು ಅತಿವಾಹಕವಾಗುತ್ತದೆಂದು 2001ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡರು. ಕ್ಯಾಲ್ಸಿಯಂ 16 ಲಕ್ಷ ವಾಯುಮಂಡಲಗಳ ಒತ್ತಡದಲ್ಲಿ 25 ಕೆಲ್ವಿನ್‌ನಲ್ಲಿಯೇ ಅತಿವಾಹಕವಾಯಿತು. ಟೈಟಾನಿಯಂ ಸುಮಾರು 25 ಲಕ್ಷ ವಾಯುಮಂಡಲಗಳಲ್ಲಿ 26 ಕೆಲ್ವಿನ್ ಮುಟ್ಟಿದ ಸುದ್ದಿ 2022ರಲ್ಲಿ ಪ್ರಕಟವಾಯಿತು. ಇಂಥ ಒತ್ತಡದಲ್ಲಿ ಎಲೆಕ್ಟ್ರಾನುಗಳು ಪರಮಾಣುವಿನ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಸರಿದು, ಜೋಡಿಗೂಡಲು ಹೆಚ್ಚು ಅನುಕೂಲವಾಗುತ್ತದೆಂದು ತಿಳಿದವರು ಹೇಳುತ್ತಾರೆ. ಹೀಗೆ ಒತ್ತಡದ ಬಲದಿಂದ ಅತಿವಾಹಕಗಳ ಸಾಲಿಗೆ ಸೇರಿದ ಧಾತುಗಳು ಇಪ್ಪತ್ತಕ್ಕೂ ಹೆಚ್ಚು.

ಈ ಬಗೆಯ ಪ್ರಯೋಗಗಳಲ್ಲಿ ಒಂದು ತೊಡಕು ಮೊದಲಿನಿಂದಲೂ ಇದೆ. ಕೋಣೆಯ ಉಷ್ಣತೆಯಲ್ಲಿ ಹೇರಿದ ಒತ್ತಡ, ಕೆಲವೇ ಕೆಲ್ವಿನ್‌ಗಳಿಗೆ ತಣಿಸಿದ ಮೇಲೂ ಅಷ್ಟೇ ಉಳಿಯುವುದಿಲ್ಲ. ಮುಚ್ಚಿದ ಪಾತ್ರೆಯೊಳಗೆ, ಅಷ್ಟು ಶೈತ್ಯದಲ್ಲಿ, ಒತ್ತಡ ಎಷ್ಟಿದೆಯೆಂದು ಅಳೆಯುವ ಬಗೆ ಹೇಗೆ? ಪರೀಕ್ಷಿಸುವ ವಸ್ತುವಿನ ಪಕ್ಕದಲ್ಲಿ ತವರದ ಅಥವಾ ಸೀಸದ ಒಂದು ಸಣ್ಣ ಚೂರನ್ನು ಇಡುತ್ತಾರೆ. ಅದರ ಸಂಕ್ರಮಣ ಉಷ್ಣತೆ ಎಷ್ಟು ಇಳಿಯಿತೆಂದು ನೋಡಿ, ಒಳಗಿನ ಒತ್ತಡವನ್ನು ಲೆಕ್ಕಹಾಕುತ್ತಾರೆ. ಸೀಜೋ ಮತ್ತು ಓನ್ನೆಸ್ 1925ರಲ್ಲಿ ಕಷ್ಟಪಟ್ಟು ಗುರುತಿಸಿದ ಆ ಅತ್ಯಲ್ಪ ಇಳಿತವೇ ಹೀಗೆ ಶೈತ್ಯಲೋಕದ ಒತ್ತಡಮಾಪಕವಾಗಿದೆ.